ಹೊಳೆಗೊಂದು ಲೆಕ್ಕದ ಪುಸ್ತಕ

ಸಂಸಾರ ನಡೆಸುವವರು ಜಮಾ-ಖರ್ಚು ಬರೆದಿಡುತ್ತಾರೆ. ಕಿರಾಣಿ ಅಂಗಡಿಯವರು ಉದ್ರಿಯ ಪುಸ್ತಕ ಇಡುತ್ತಾರೆ. ಅಣ್ಣತಮ್ಮಂದಿರು ಒಂದೇ ಹೊಲವನ್ನು ಒಟ್ಟಾಗಿ ಉಳುವಾಗಲಂತೂ ಲೆಕ್ಕ ಇನ್ನೂ ಚೊಕ್ಕವಾಗಿರಬೇಕು. ಲೆಕ್ಕ ಕೆಟ್ಟ ಮನೆಯಲ್ಲಿ ಮನಸ್ಸೂ ಕೆಡುತ್ತದೆ. ಹಲವು ಊರುಗಳು, ಹಲವು ತಾಲ್ಲೂಕುಗಳು, ಒಮ್ಮೊಮ್ಮೆ ಹಲವು ರಾಜ್ಯಗಳು ಹಂಚಿಕೊಂಡು ಬಾಳುವ ಹೊಳೆಯೂ ಇಂಥದೇ ಒಂದು ಒಟ್ಟು ಕುಟುಂಬದ ಆಸ್ತಿ. ಅದರ ಲೆಕ್ಕವನ್ನು ಬರೆಯುವವರು ಯಾರು? "ಸರಕಾರ" ಎಂದು ನಾವು ಥಟ್ಟನೆ ಉತ್ತರ ಕೊಡುತ್ತೇವೆ. ಸರಕಾರ ಬರೆಯುತ್ತದೆ, ನಿಜ. ಆದರೆ ಹೊಳೆಯ ದಂಡೆಯಲ್ಲಿ ದಿನ ಬೆಳಗಾದರೆ ಇರುವವರು ನಾವು. ನಾವೂ ಬರೆಯಬಹುದೇ? ಬರೆದರೆ ಪ್ರಯೋಜನವೇನು? ಹೇಗೆ ಬರೆಯಬೇಕು? ಇವನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಒಂದು ಶಬ್ದದ ಅರ್ಥವನ್ನು ತಿಳಿದುಕೊಳ್ಳಬೇಕು. ಒಂದು ಹೊಳೆಗೆ ಎಲ್ಲೆಲ್ಲಿಂದ ಮಳೆಯ ನೀರು ಹರಿದು ಬರುತ್ತದೆಯೋ ಆ ನೆಲವನ್ನೆಲ್ಲ ಸೇರಿಸಿ ಅದರ ಜಲಾನಯನ ಪ್ರದೇಶ ಎನ್ನುತ್ತಾರೆ. ಮನೆಯ ಮಾಡಿನ ಮೇಲೆ ಬಿದ್ದ ಮಳೆಯೆಲ್ಲ ಒಂದೇ ದೋಣಿಗೆ ಬಂದು ಇಳಿಯುವಂತೆ, ಜಲಾನಯನದಲ್ಲಿ ಬಿದ್ದ ಮಳೆಯೆಲ್ಲ ಒಂದೇ ಹೊಳೆಗೆ ಇಳಿಯುತ್ತದೆ. ಮಾಡಿಗೆ ಗಡಿಯಿದೆ, ಆದರೆ ಆ ಗಡಿಯನ್ನು ಎಳೆದದ್ದು ಗುಡ್ಡಗಳ ನೆತ್ತಿ, ಕಂದಾಯ ಇಲಾಖೆಯಲ್ಲ. ಮೇಲಿನ ಊರಿನಲ್ಲಿ ಕಾಡು ಕಡಿದರೆ ಕೆಳಗಿನ ಊರಿನ ನೀರು ಕೆಂಪಾಗುತ್ತದೆ. ಮೇಲೆ ನೀರು ತಡೆದರೆ ಕೆಳಗೆ ಉಪ್ಪು ಏರುತ್ತದೆ. ಇದನ್ನು ಅರಿಯಲು ಕೊರ್ತಾಲಿಮ್‌ಗಿಂತ ಒಳ್ಳೆಯ ಜಾಗ ಬೇಕಿಲ್ಲ.

ನಮ್ಮ ಎದುರಿನ ಹೊಳೆ

ಕೊಂಕಣಿಯಲ್ಲಿ ಕುಠ್ಠಾಳಿ ಎಂದು ಕರೆಯುವ ಕೊರ್ತಾಲಿಮ್ ಇರುವುದು ಜುವಾರಿ ಹೊಳೆಯ ದಕ್ಷಿಣ ದಂಡೆಯಲ್ಲಿ. ಎದುರಿನ ದಂಡೆಯಲ್ಲಿ ಆಗಶಿ. 1983ರಲ್ಲಿ ಜುವಾರಿ ಸೇತುವೆ ಬಳಕೆಗೆ ಬರುವ ತನಕ ಆಚೆ ದಾಟಲು ಫೆರಿಯೇ ಗತಿಯಾಗಿತ್ತು. ಅದರ ಪಕ್ಕದಲ್ಲಿ ಎದ್ದ ಹೊಸ ಸೇತುವೆಯ ಮೇಲೆ 2022ರ ಡಿಸೆಂಬರಿನಲ್ಲಿ ವಾಹನಗಳು ಓಡತೊಡಗಿದವು. ಈಗ ನಾವು ಎರಡು ನಿಮಿಷದಲ್ಲಿ ದಾಟಿಬಿಡುತ್ತೇವೆ. ಕೆಳಗಿನ ನೀರನ್ನು ನೋಡಲು ಪುರುಸೊತ್ತಿಲ್ಲ.

ಈ ಜುವಾರಿಗೆ ಒಳನಾಡಿನಲ್ಲಿ ಅಘನಾಶಿನಿ ಎಂಬ ಹೆಸರೂ ಇದೆ. ಉತ್ತರ ಕನ್ನಡದ ಕುಮಟಾ ಸೀಮೆಯ ಹೊಳೆಯ ಹೆಸರೇ ಇಲ್ಲಿಯೂ ಇರುವುದು ಸೋಜಿಗ. ಜುವಾರಿಯ ಉತ್ತರಕ್ಕೆ ಮಾಂಡವಿ ಹರಿಯುತ್ತದೆ. ಇವೆರಡನ್ನೂ ಕುಂಭಾರಜುವೆ ಕಾಲುವೆ ಒಳಗಿಂದೊಳಗೆ ಬೆಸೆದಿದೆ. ಸಮುದ್ರ ಸೇರುವ ಕಡೆ ಎರಡೂ ಅಕ್ಕಪಕ್ಕದಲ್ಲಿಯೇ ಬಾಯಿ ತೆರೆಯುತ್ತವೆ. ಆದುದರಿಂದಲೇ ವಿಜ್ಞಾನಿಗಳು ಇವನ್ನು ಜೋಡಿ ಅಳಿವೆಗಳೆಂದು ಒಟ್ಟಿಗೆ ಅಭ್ಯಾಸ ಮಾಡುತ್ತಾರೆ. ಆ ಎರಡು ಬಾಯಿಗಳ ನಡುವಿನ ದೋನಾಪಾವುಲದಲ್ಲಿ, 1966ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಇದೆ. ಅಲ್ಲಿಯವರು ಕಂಡುಕೊಂಡಂತೆ ಸಮುದ್ರದ ಉಬ್ಬರ ಈ ಹೊಳೆಗಳಲ್ಲಿ ಸುಮಾರು 50 ಕಿ.ಮೀ. ಒಳಗಿನವರೆಗೆ ಏರುತ್ತದೆ. ಅಂದರೆ ಕೊರ್ತಾಲಿಮ್‌ನ ನೀರು ದಿನಕ್ಕೆ ಎರಡು ಸಲ ಮೇಲಕ್ಕೆ, ಎರಡು ಸಲ ಕೆಳಕ್ಕೆ ಹರಿಯುತ್ತದೆ. ಮಳೆಗಾಲದಲ್ಲಿ ಗುಡ್ಡದ ನೀರು ಇಳಿದು ಬಂದಾಗ ಮೇಲ್ಪದರ ಸಪ್ಪೆಯಾಗುತ್ತದೆ. ಮಳೆ ನಿಂತ ಮೇಲೆ ತಿಂಗಳು ತಿಂಗಳಿಗೂ ಉಪ್ಪು ಏರುತ್ತ ಹೋಗಿ ಮೇ ತಿಂಗಳಿನ ಹೊತ್ತಿಗೆ ಹೊಳೆ ಸಮುದ್ರದ ತೋಳಿನಂತಾಗುತ್ತದೆ.

ಈ ಏರಿಳಿತವನ್ನು ಅರಿಯದೆ ಇಲ್ಲಿ ಯಾರೂ ಬದುಕುವಂತಿರಲಿಲ್ಲ. ಗೋವೆಯ ಅಳಿವೆಗಳ ದಂಡೆಯಲ್ಲಿ 'ಖಾಜಣ' ಎಂಬ ಗದ್ದೆಗಳಿವೆ. ಉಬ್ಬರದ ಮಟ್ಟಕ್ಕಿಂತ ತಗ್ಗಿನಲ್ಲಿರುವ ಈ ನೆಲವನ್ನು ನಮ್ಮ ಹಿರಿಯರ ಹಿರಿಯರು ಕೆಸರು-ಕಲ್ಲುಗಳ ಒಡ್ಡು ಹಾಕಿ ಉಪ್ಪು ನೀರಿನಿಂದ ಬಿಡಿಸಿಕೊಂಡರು. ಒಡ್ಡಿನ ತೂಬಿಗೆ ಮರದ ಬಾಗಿಲು. ಉಬ್ಬರದಲ್ಲಿ ಹೊಳೆಯ ನೀರೇ ಒತ್ತಿ ಅದನ್ನು ಮುಚ್ಚುತ್ತದೆ. ಇಳಿತದಲ್ಲಿ ಗದ್ದೆಯ ನೀರು ಒತ್ತಿ ಅದನ್ನು ತೆರೆಯುತ್ತದೆ. ಉತ್ತರ ಕನ್ನಡದ ಅಘನಾಶಿನಿಯ ಅಳಿವೆಯಲ್ಲಿ 'ಗಜನಿ' ಎಂದು ಕರೆಯುವುದು ಇಂಥದೇ ಗದ್ದೆಯನ್ನು. ಅಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಇಲ್ಲಿ ಕೊರ್ಗುಟ ಭತ್ತ.

ಒಡ್ಡು ಒಬ್ಬನ ಸೊತ್ತಲ್ಲ. ಒಂದು ಕಡೆ ಬಿರುಕು ಬಿಟ್ಟರೆ ಎಲ್ಲರ ಗದ್ದೆಗೂ ಉಪ್ಪು ನುಗ್ಗುತ್ತದೆ. ಆದುದರಿಂದ ಗಾಂವಕಾರಿ ಎಂಬ ಊರೊಟ್ಟಿನ ವ್ಯವಸ್ಥೆ ಅದನ್ನು ನೋಡಿಕೊಳ್ಳುತ್ತಿತ್ತು. ಈ ಊರೊಟ್ಟಿನ ಕಟ್ಟುಪಾಡುಗಳನ್ನು 1526ರಲ್ಲಿ ಪೋರ್ಚುಗೀಸ್ ಆಡಳಿತವೂ 'ಫೋರಾಲ್' ಎಂಬ ಬರಹದಲ್ಲಿ ದಾಖಲಿಸಿತು. ಯಾವ ತಿಥಿಗೆ ನೀರು ಎಷ್ಟು ಏರುತ್ತದೆ, ಯಾವ ಮಳೆಗೆ ಎಷ್ಟು ಸಪ್ಪೆಯಾಗುತ್ತದೆ, ಒಡ್ಡಿನ ಯಾವ ಭಾಗ ಮೊದಲು ಸೋರುತ್ತದೆ ಎಂಬುದು ತೂಬು ಕಾಯುವವರಿಗೆ ಗೊತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ನಾವು ಇದನ್ನು ವಿಜ್ಞಾನವೆಂದು ಎಣಿಸಲಿಲ್ಲ. ಈ ತಿಳಿವಳಿಕೆಯ ಬಹುಪಾಲು ಇದ್ದದ್ದು ತಲೆಯಲ್ಲಿ, ಕಾಗದದ ಮೇಲಲ್ಲ. ಬೇಸಾಯ ಬಿಟ್ಟವರ ಮನೆಯಲ್ಲಿ ಅದು ಅಜ್ಜನ ಸಂಗಡವೇ ಹೋಗುತ್ತದೆ. ಊರವರ ಲೆಕ್ಕ ಬರಹಕ್ಕೆ ಇಳಿಯಬೇಕು ಎನ್ನಲು ಇದು ಮೊದಲನೆಯ ಕಾರಣ.

ಒಂದು ಗುಡ್ಡ, ಎರಡು ಸಮುದ್ರ

ಎರಡನೆಯ ಕಾರಣ ಇದಕ್ಕಿಂತ ದೊಡ್ಡದು. ಅದು ನಮ್ಮ ಮನೆಬಾಗಿಲಿಗೇ ಸಂಬಂಧಪಟ್ಟದ್ದು. ಮುರಗಾಂವ್ ತಾಲ್ಲೂಕಿನಲ್ಲಿರುವ ಕನ್ನಡ ಮನೆಗಳಲ್ಲಿ ಅನೇಕವು ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಸೀಮೆಯಿಂದ ದುಡಿಮೆಗಾಗಿ ಬಂದವು. ಆ ಸೀಮೆಯ ಬಹುಭಾಗಕ್ಕೆ ಮಲಪ್ರಭೆಯ ನೀರು ಬೇಕು. ಇಲ್ಲಿನ ಬದುಕಿಗೆ ಮಾಂಡವಿ-ಜುವಾರಿಗಳ ನೀರು ಬೇಕು. ಈ ಎರಡು ನೀರುಗಳ ಮೂಲ ಹೆಚ್ಚು ದೂರವಿಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯ ಗುಡ್ಡಗಳ ಮೇಲೆ ಬಿದ್ದ ಮಳೆಯಲ್ಲಿ ಪೂರ್ವಕ್ಕೆ ಇಳಿದದ್ದು ಮಲಪ್ರಭೆಯಾಗಿ, ಸವದತ್ತಿಯ ನವಿಲುತೀರ್ಥದ ಅಣೆಕಟ್ಟು ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಇಳಿದದ್ದು ಕಳಸಾ ನಾಲೆಯ ಮೂಲಕ ಮಹದಾಯಿಯನ್ನು ಸೇರುತ್ತದೆ. ಅದೇ ಮಹದಾಯಿ ಗೋವೆಯಲ್ಲಿ ಮಾಂಡವಿಯೆನಿಸಿ ಅರಬ್ಬೀ ಸಮುದ್ರಕ್ಕೆ ಬರುತ್ತದೆ.

ಮಹದಾಯಿಯ ಜಲಾನಯನ ಒಟ್ಟು 2,032 ಚದರ ಕಿ.ಮೀ. ಅದರಲ್ಲಿ 375 ಕರ್ನಾಟಕದಲ್ಲಿ, 77 ಮಹಾರಾಷ್ಟ್ರದಲ್ಲಿ, ಉಳಿದ 1,580 ಗೋವೆಯಲ್ಲಿ. ಕಳಸಾ ಮತ್ತು ಬಂಡೂರಿ ನಾಲೆಗಳ ನೀರನ್ನು ಮಲಪ್ರಭೆಗೆ ತಿರುಗಿಸಿ ಹುಬ್ಬಳ್ಳಿ-ಧಾರವಾಡ ಮೊದಲಾದ ಊರುಗಳಿಗೆ ಕುಡಿಯಲು ಕೊಡಬೇಕೆಂದು ಕರ್ನಾಟಕ ಕೇಳಿತು. ನೀರು ತಿರುಗಿದರೆ ಕಾಡು ಒಣಗುತ್ತದೆ, ಅಳಿವೆಗೆ ಉಪ್ಪು ಏರುತ್ತದೆ ಎಂದು ಗೋವೆ ವಿರೋಧಿಸಿತು. 2010ರಲ್ಲಿ ನ್ಯಾಯಾಧಿಕರಣ ರಚನೆಯಾಯಿತು. 2015ರಿಂದ ನರಗುಂದದಲ್ಲಿ ರೈತರು ವರ್ಷಗಟ್ಟಲೆ ಧರಣಿ ಕುಳಿತರು. 2018ರ ಆಗಸ್ಟ್ 14ರಂದು ತೀರ್ಪು ಬಂದಿತು: ಗೋವೆಗೆ 24 ಟಿ.ಎಂ.ಸಿ., ಕರ್ನಾಟಕಕ್ಕೆ 13.42, ಮಹಾರಾಷ್ಟ್ರಕ್ಕೆ 1.33. ಕರ್ನಾಟಕದ ಪಾಲಿನಲ್ಲಿ 8.02 ಟಿ.ಎಂ.ಸಿ. ವಿದ್ಯುತ್ತಿಗೆ, 1.5 ಅದೇ ಕಣಿವೆಯ ಬಳಕೆಗೆ. ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಕೂಡಿ 3.9 ಟಿ.ಎಂ.ಸಿ. ತೀರ್ಪಿನ ಮೇಲೂ ಮೂರೂ ರಾಜ್ಯಗಳು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವು.

ಇವರಲ್ಲಿ ಯಾರು ಸರಿ ಎಂದು ಹೇಳುವುದು ಈ ಲೇಖನದ ಕೆಲಸವಲ್ಲ. ಈ ವ್ಯಾಜ್ಯದೊಳಗಿನ ಇನ್ನೊಂದು ಸಂಗತಿಯತ್ತ ನಾವು ಗಮನ ಕೊಡೋಣ. ಪಾಲು ಮಾಡುವ ಮೊದಲು ಹೊಳೆಯಲ್ಲಿ ಒಟ್ಟು ನೀರೆಷ್ಟಿದೆ ಎಂದು ತಿಳಿಯಬೇಕಷ್ಟೆ? ನೂರು ವರ್ಷಗಳಲ್ಲಿ ಎಪ್ಪತ್ತೈದು ವರ್ಷವಾದರೂ ಸಿಗುವ ನೀರು ಎಷ್ಟು ಎಂಬುದು ಅಲ್ಲಿ ಬಳಸಿದ ಅಳತೆ. 2003ರಲ್ಲಿ ಕೇಂದ್ರ ಜಲ ಆಯೋಗ ಅದನ್ನು ಸುಮಾರು 200 ಟಿ.ಎಂ.ಸಿ. ಎಂದು ಲೆಕ್ಕ ಹಾಕಿತ್ತು. ಅಷ್ಟು ನೀರಿಲ್ಲ ಎಂದು ಗೋವೆ ವಾದಿಸಿತು. ನ್ಯಾಯಾಧಿಕರಣ ಕೊನೆಗೆ ಒಪ್ಪಿದ ಅಂಕಿ 188.06. ಹೊಳೆ ಒಂದೇ, ಮಳೆ ಒಂದೇ. ಲೆಕ್ಕ ಮಾತ್ರ ಬೇರೆ ಬೇರೆ. ಇಂಥ ಲೆಕ್ಕಗಳಿಗೆ ಆಧಾರ ಎರಡು: ಹೊಳೆಯ ಹರಿವನ್ನು ಅಳೆಯುವ ಗಾಂಜೆಯಂಥ ಕೆಲವೇ ಕೇಂದ್ರಗಳು, ಮತ್ತು ಕಣಿವೆಯ ಅಲ್ಲಲ್ಲಿ ಇರುವ ಮಳೆಮಾಪಕಗಳು. ಘಟ್ಟದಲ್ಲಿ ಒಂದು ಗುಡ್ಡ ದಾಟಿದರೆ ಮಳೆಯ ಪ್ರಮಾಣವೇ ಬದಲಾಗುತ್ತದೆ. ಮಾಪಕವಿಲ್ಲದ ಕಡೆ ಊಹೆಯೇ ಗತಿ.

ಈ ಊಹೆ ಎಷ್ಟು ದುಬಾರಿ ಎಂಬುದನ್ನು ನಮ್ಮ ಗಣಿತದಿಂದಲೇ ತಿಳಿಯಬಹುದು. ಒಂದು ಚದರ ಮೀಟರ್ ನೆಲದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಒಂದು ಚದರ ಕಿ.ಮೀ. ಮೇಲೆ ಬಿದ್ದರೆ 10 ಲಕ್ಷ ಲೀಟರ್. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,830 ಕೋಟಿ ಲೀಟರ್. ಈಗ ಮಹದಾಯಿಯ ಜಲಾನಯನದಲ್ಲಿ ವರ್ಷದ ಮಳೆಯನ್ನು ಅಂದಾಜು ಮಾಡುವಾಗ ಬರೀ 100 ಮಿ.ಮೀ. ತಪ್ಪಾಯಿತೆನ್ನಿ. ಮೂರು ಸಾವಿರ ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಸೀಮೆಯಲ್ಲಿ ಇದೇನು ದೊಡ್ಡ ತಪ್ಪಲ್ಲ. 2,032 ಚದರ ಕಿ.ಮೀ. ಮೇಲೆ ಅದನ್ನು ಹರಡಿದರೆ 20,320 ಕೋಟಿ ಲೀಟರ್ ಆಗುತ್ತದೆ; ಅಂದರೆ ಸುಮಾರು 7.2 ಟಿ.ಎಂ.ಸಿ.! ಬಿದ್ದ ಮಳೆಯೆಲ್ಲ ಹೊಳೆಗೆ ಸೇರುವುದಿಲ್ಲ. ಮಣ್ಣು ಕುಡಿಯುತ್ತದೆ, ಮರ ಕುಡಿಯುತ್ತದೆ, ಬಿಸಿಲು ಹೀರುತ್ತದೆ. ಅರ್ಧ ಮಾತ್ರ ಸೇರಿತೆಂದರೂ 3.6 ಟಿ.ಎಂ.ಸಿ. ತಿರುಗಿಸಲು ಒಪ್ಪಿದ ನೀರು 3.9. ಎರಡು ರಾಜ್ಯಗಳ ಜನ ಬೀದಿಗಿಳಿದು ಕೇಳಿದ ನೀರಿನಷ್ಟೇ ನೀರು ಒಂದು ಸಣ್ಣ ಅಂದಾಜಿನ ತಪ್ಪಿನಲ್ಲಿ ಅಡಗಿ ಕೂತಿರಬಹುದು.

ಆದುದರಿಂದ ಮಳೆಯನ್ನು ಹೆಚ್ಚು ಕಡೆ, ಹೆಚ್ಚು ಜನ, ಹೆಚ್ಚು ವರ್ಷ ಅಳೆಯಬೇಕು. ಇಷ್ಟೇ ಸಾಲದು. ಒಂದು ಪಕ್ಷದವರು ತಂದ ಅಂಕಿಯನ್ನು ಇನ್ನೊಂದು ಪಕ್ಷದವರು ನಂಬುವುದಿಲ್ಲ. ಮೇಲಿನ ಊರಿನವರೂ ಕೆಳಗಿನ ಊರಿನವರೂ ಒಂದೇ ಬಗೆಯ ಮಾಪಕದಿಂದ, ಒಂದೇ ಹೊತ್ತಿಗೆ ಅಳೆದು, ಒಬ್ಬರ ಪುಸ್ತಕವನ್ನು ಇನ್ನೊಬ್ಬರು ನೋಡುವಂತಿದ್ದರೆ ಆ ಅಂಕಿಗೆ ಎರಡು ಕಡೆಯೂ ಬೆಲೆ ಬರುತ್ತದೆ. ಕಣಕುಂಬಿಯ ಮಕ್ಕಳೂ ಕೊರ್ತಾಲಿಮ್‌ನ ಮಕ್ಕಳೂ ಬರೆದ ಲೆಕ್ಕ ಜಗಳವನ್ನು ಮುಗಿಸದಿರಬಹುದು. ಆದರೆ ಯಾವುದರ ಬಗ್ಗೆ ಜಗಳವಾಡಬೇಕಾಗಿಲ್ಲ ಎಂಬುದನ್ನಾದರೂ ಅದು ತೋರಿಸೀತು. 2023ರಲ್ಲಿ ಕೇಂದ್ರ ಸರಕಾರ ತೀರ್ಪಿನ ಪಾಲನೆಗಾಗಿ ಮೂರು ರಾಜ್ಯಗಳಿಗೂ ಸೇರಿದ 'ಪ್ರವಾಹ್' ಎಂಬ ಪ್ರಾಧಿಕಾರಕ್ಕೆ ಒಪ್ಪಿಗೆ ಕೊಟ್ಟಿತು. ಮೇಲೆ ಪ್ರಾಧಿಕಾರವಿದ್ದರೆ ಕೆಳಗೆ ಊರವರ ಕಣ್ಣೂ ಇರಬೇಡವೇ?

ಮಾಡಿ ತೋರಿಸಿದವರು

ಇದು ಬರಿಯ ಆಸೆಯ ಮಾತಲ್ಲ. ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನಲ್ಲಿ ಕೃಷಿಕರೊಬ್ಬರು 1976ರಲ್ಲಿ ತಮ್ಮ ತೋಟದ ಮಳೆಯನ್ನು ದಿನವೂ ಅಳೆದು ಬರೆಯಲಾರಂಭಿಸಿದರು. ಆ ದಾಖಲೆ ನಾಲ್ಕು ದಶಕಗಳನ್ನು ದಾಟಿತು. ಅವರನ್ನು ಯಾವ ಇಲಾಖೆಯೂ ನೇಮಿಸಿರಲಿಲ್ಲ.

ಕೇರಳದ ಕೋಟ್ಟಯಂ ಜಿಲ್ಲೆಯಲ್ಲಿ ಮೀನಚ್ಚಿಲ್ ಎಂಬ ಹೊಳೆಯಿದೆ. 2018ರ ಮಹಾಪೂರದ ನಂತರ ಆ ಕಣಿವೆಯ ಊರವರೂ ಶಾಲಾ ವಿದ್ಯಾರ್ಥಿಗಳೂ ಮಳೆಮಾಪಕಗಳನ್ನಿಟ್ಟು, ಹೊಳೆಯ ಮಟ್ಟವನ್ನು ಅಳತೆಗೋಲಿನಿಂದ ನೋಡಿ, ಅಂಕಿಗಳನ್ನು ಪರಸ್ಪರ ತಿಳಿಸುವ ಪದ್ಧತಿಯನ್ನು ಬೆಳೆಸಿಕೊಂಡರು. ಮೇಲೆ ಬಿದ್ದ ಮಳೆಯ ಸುದ್ದಿ ನೀರಿಗಿಂತ ಮೊದಲೇ ಕೆಳಗಿನ ಊರಿಗೆ ಮುಟ್ಟಿದರೆ ದನಕರು, ಸಾಮಾನು, ಮುದುಕರನ್ನು ಮೇಲಕ್ಕೆ ಸಾಗಿಸಲು ಹೊತ್ತು ಸಿಗುತ್ತದೆ. ಇಲ್ಲಿ ಲೆಕ್ಕವೇ ಪ್ರಾಣರಕ್ಷಕ.

ದೂರದ ಥಾಯ್ಲೆಂಡಿನಲ್ಲಿ ಮೆಕಾಂಗ್ ನದಿಯ ಉಪನದಿ ಮುನ್. ಅದಕ್ಕೆ 1994ರಲ್ಲಿ ಪಾಕ್ ಮುನ್ ಎಂಬ ಅಣೆಕಟ್ಟು ಆಯಿತು. ಮೆಕಾಂಗಿನಿಂದ ಮೊಟ್ಟೆಯಿಡಲು ಮೇಲೆ ಬರುತ್ತಿದ್ದ ಮೀನುಗಳಿಗೆ ದಾರಿ ಕಟ್ಟಿತು. ಬೆಸ್ತರ ಒತ್ತಾಯದಿಂದ 2001ರ ಜೂನಿನಲ್ಲಿ ಬಾಗಿಲುಗಳನ್ನು ತೆರೆದಾಗ, ಹಳ್ಳಿಗರೇ ಯಾವ ಮೀನು, ಯಾವ ತಿಂಗಳು, ಯಾವ ಮಡುವಿನಲ್ಲಿ, ಯಾವ ಬಲೆಗೆ ಸಿಕ್ಕಿತು ಎಂದು ತಮ್ಮ ಮಾತಿನ ಹೆಸರುಗಳಿಂದಲೇ ಬರೆದಿಟ್ಟರು. ನೂರೈವತ್ತಕ್ಕೂ ಹೆಚ್ಚು ಬಗೆಯ ಮೀನುಗಳನ್ನು ಅವರು ಗುರುತಿಸಿದರು. ಈ ಕೆಲಸಕ್ಕೆ 'ಥಾಯ್ ಬಾನ್', ಎಂದರೆ ಹಳ್ಳಿಗರ ಸಂಶೋಧನೆ, ಎಂದು ಹೆಸರಾಯಿತು.

ನಮ್ಮ ಹತ್ತಿರವೇ ಒಂದು ನಿದರ್ಶನವಿದೆ. ಗೋವೆಯ ಹಳೆಯ ಮನೆಗಳ ಕಿಟಕಿಗಳಲ್ಲಿ ಗಾಜಿನ ಬದಲು ತೆಳ್ಳಗಿನ, ಹಾಲುಬಣ್ಣದ ಚಿಪ್ಪುಗಳನ್ನು ಕೂರಿಸಿದ್ದನ್ನು ನಾವು ನೋಡಿದ್ದೇವೆ. ಆ ಚಿಪ್ಪಿನ ಜೀವಿ ಜುವಾರಿಯ ಚಿಖಲಿ ಕೊಲ್ಲಿಯ ಕೆಸರಿನಲ್ಲಿ ಬಾಳುತ್ತದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಪಂಚಾಯತಿಯೂ ಜೀವವೈವಿಧ್ಯ ಸಮಿತಿಯೊಂದನ್ನು ರಚಿಸಿ, ತನ್ನ ಊರಿನ ಗಿಡ, ಮರ, ಮೀನು, ಹಕ್ಕಿಗಳ ದಾಖಲೆ ಪುಸ್ತಕವನ್ನು ಇಡಬೇಕು. ಚಿಖಲಿಯ ಊರವರು ಇಂಥ ಸಮಿತಿಯ ಮೂಲಕ ಈ ಚಿಪ್ಪುಜೀವಿಯ ರಕ್ಷಣೆಗೆ ಮುಂದಾದರು. ಏನಿದೆ ಎಂದು ಬರೆದಿಟ್ಟವರು ಮಾತ್ರ ಏನು ಹೋಯಿತು ಎಂದು ಹೇಳಬಲ್ಲರು.

ನಾವು ಮಾಡಬಹುದಾದದ್ದು

ಇದಕ್ಕೆ ದೊಡ್ಡ ಪ್ರಯೋಗಶಾಲೆ ಬೇಡ. ನಾಲ್ಕು ಅಳತೆಗಳು ಸಾಕು.

ಮೊದಲನೆಯದು ಮಳೆ. ತಳ ಸಮತಟ್ಟಾಗಿದ್ದು, ಗೋಡೆ ನೇರವಾಗಿರುವ ಡಬ್ಬಿಯೊಂದನ್ನು ಮರ, ಮಾಡುಗಳಿಂದ ದೂರ, ಬಯಲಿನಲ್ಲಿ, ಬಾಯಿ ನೆಲದಿಂದ ಒಂದು ಅಡಿ ಎತ್ತರ ಇರುವಂತೆ ಭದ್ರವಾಗಿ ನಿಲ್ಲಿಸಬೇಕು. ಪ್ರತಿದಿನ ಬೆಳಿಗ್ಗೆ 8-30ಕ್ಕೆ ನೀರಿನ ಆಳವನ್ನು ಮಿ.ಮೀ.ನಲ್ಲಿ ಅಳೆದು ಚೆಲ್ಲಬೇಕು. ಡಬ್ಬಿಯ ಬಾಯಿ ದೊಡ್ಡದಿರಲಿ ಚಿಕ್ಕದಿರಲಿ, ಆಳ ಒಂದೇ ಬರುತ್ತದೆ. ಹವಾಮಾನ ಇಲಾಖೆಯ ಮಳೆಯ ದಿನವೂ 8-30ಕ್ಕೇ ಮುಗಿಯುವುದರಿಂದ ನಮ್ಮ ಅಂಕಿಯನ್ನು ಅವರದಕ್ಕೆ ಹೋಲಿಸಬಹುದು.

ಎರಡನೆಯದು ನೀರಿನ ಮಟ್ಟ. ಸೆಂಟಿಮೀಟರ್ ಗುರುತು ಹಾಕಿದ ಕೋಲನ್ನು ಪಂಚಾಯತಿಯ ಒಪ್ಪಿಗೆ ಪಡೆದು ದಕ್ಕೆಯ ಕಂಬಕ್ಕೆ ಕಟ್ಟಿದರೆ ಆಯಿತು. ಉಬ್ಬರದ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ-ಹುಣ್ಣಿಮೆಗಳ ಸುಮಾರಿಗೆ ಏರಿಳಿತ ಹೆಚ್ಚು. ಆದುದರಿಂದ ಅಂಕಿಯ ಪಕ್ಕದಲ್ಲಿ ಗಂಟೆಯನ್ನೂ ತಿಥಿಯನ್ನೂ ಬರೆಯಬೇಕು. ನೀರಿನ ಬಳಿಗೆ ಹಿರಿಯರೊಬ್ಬರ ಜೊತೆಗಲ್ಲದೆ ಹೋಗಬಾರದು.

ಮೂರನೆಯದು ನೀರಿನ ತಿಳಿ. 1865ರಲ್ಲಿ ಇಟಲಿಯ ಪಾದ್ರಿಯೂ ಖಗೋಲಶಾಸ್ತ್ರಜ್ಞನೂ ಆದ ಆಂಜೆಲೊ ಸೆಕ್ಕಿ ಎಂಬಾತ ಬಿಳಿಯ ತಟ್ಟೆಯೊಂದನ್ನು ಹಗ್ಗ ಕಟ್ಟಿ ಸಮುದ್ರಕ್ಕೆ ಇಳಿಬಿಟ್ಟು, ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆಂದು ನೋಡಿದ. ಇಂದಿಗೂ ವಿಜ್ಞಾನಿಗಳು ಈ ಉಪಾಯವನ್ನು ಬಿಟ್ಟಿಲ್ಲ. ಮೇಲೆ ಗುಡ್ಡ ಅಗೆದದ್ದು, ಮಣ್ಣು ಜರಿದದ್ದು ಇಲ್ಲಿ ಗೊತ್ತಾಗುತ್ತದೆ.

ನಾಲ್ಕನೆಯದು ಉಪ್ಪು. ತಿಂಗಳಿಗೊಮ್ಮೆ ಒಂದೇ ಜಾಗದಿಂದ, ಉಬ್ಬರ ತುಂಬಿದ ಹೊತ್ತಿನಲ್ಲಿ ಒಂದು ಲೀಟರ್ ನೀರು ತಂದು, ಸೋಸಿ, ಇಂಗಿಸಿ, ಉಳಿದ ಉಪ್ಪನ್ನು ಶಾಲೆಯ ತಕ್ಕಡಿಯಲ್ಲಿ ತೂಗಬೇಕು. ಸಮುದ್ರದ ನೀರಾದರೆ ಸುಮಾರು 35 ಗ್ರಾಂ ಸಿಗುತ್ತದೆ. ಜುಲೈನಲ್ಲಿ ಎಷ್ಟು, ಮೇ ತಿಂಗಳಲ್ಲಿ ಎಷ್ಟು ಎಂದು ಬರೆಯುತ್ತ ಹೋದರೆ ಸಿಹಿನೀರು ಕಡಿಮೆಯಾದ ವರ್ಷ ಯಾವುದೆಂದು ಆ ಪುಸ್ತಕವೇ ಹೇಳುತ್ತದೆ.

ಬರೆಯುವವರ ನಿಯಮ

ಅಳತೆ ಸುಲಭ, ಬರೆಯುವ ಶಿಸ್ತು ಕಷ್ಟ. ಮಳೆ ಬಾರದ ದಿನ ಸೊನ್ನೆ ಎಂದು ಬರೆಯಬೇಕು. ಅಳೆಯದ ದಿನ ಸೊನ್ನೆ ಬರೆಯಕೂಡದು, "ಅಳೆದಿಲ್ಲ" ಎಂದೇ ಬರೆಯಬೇಕು, ಎರಡಕ್ಕೂ ಅಜಗಜಾಂತರ. ಅಂಕಿ ವಿಚಿತ್ರವಾಗಿ ಕಂಡರೂ ತಿದ್ದಬಾರದು, ಪಕ್ಕದಲ್ಲಿ ಷರಾ ಹಾಕಬೇಕು. ಅಳೆಯುವವರು ಇಬ್ಬರಿರಬೇಕು. ಹತ್ತನೆಯ ಇಯತ್ತೆಯವರು ಶಾಲೆ ಬಿಡುವ ಮುನ್ನ ಎಂಟನೆಯವರಿಗೆ ಕಲಿಸಿ ಹೋಗಬೇಕು. ಒಂದು ವರ್ಷದ ಅಂಕಿ ಬರಿಯ ಕುತೂಹಲ. ಹತ್ತು ವರ್ಷದ ಅಂಕಿ ಸಾಕ್ಷಿ. ಪುಸ್ತಕ ಕಪಾಟಿನಲ್ಲಿ ಬೀಗ ಹಾಕಿಡುವ ವಸ್ತುವಲ್ಲ. ತಿಂಗಳ ಕೊನೆಗೆ ಅದನ್ನು ಗೋಡೆಯ ಮೇಲೆ ಬರೆಯಬೇಕು, ಗ್ರಾಮಸಭೆಯಲ್ಲಿ ಓದಬೇಕು.

ನಮ್ಮ ಅಳತೆಗೆ ಮಿತಿಯಿದೆ ಎಂಬುದನ್ನೂ ಮರೆಯಬಾರದು. ನೀರಿನಲ್ಲಿ ಬೆರೆತ ವಿಷವಸ್ತುಗಳನ್ನು ಡಬ್ಬಿ, ತಟ್ಟೆಗಳಿಂದ ಕಂಡುಹಿಡಿಯಲಾಗದು. ಅದಕ್ಕೆ ಪ್ರಯೋಗಶಾಲೆಯೇ ಬೇಕು. ಆದರೆ ಯಾವ ದಿನ, ಯಾವ ಕಡೆ ನೀರು ಬದಲಾಯಿತು, ಎಂದು ಪರೀಕ್ಷೆಗೆ ತರಬೇಕು ಎಂದು ಹೇಳಬಲ್ಲವರು ದಂಡೆಯವರೇ. ಒಂದು ಶಾಲೆಯ ಅಂಕಿ ತಪ್ಪಿರಬಹುದು. ನೆರೆಯ ನಾಲ್ಕು ಶಾಲೆಗಳ ಅಂಕಿಗಳ ಪಕ್ಕದಲ್ಲಿಟ್ಟರೆ ತಪ್ಪು ತಾನಾಗಿ ಎದ್ದು ಕಾಣುತ್ತದೆ.

ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆ ನಮಗೆ ಬಾಯಿಪಾಠ. ಅಂಕಿಗಳಿಗೂ ಈ ಮಾತು ಸಲ್ಲುತ್ತದೆ. ಊರಿನಿಂದ ಬಂದ ಅಜ್ಜಿ "ನಮ್ಮ ಕಡೆ ಕುಡಿಯೋಕೆ ನೀರಿಲ್ಲ" ಎಂದಾಗಲೂ, ನೆರೆಮನೆಯ ಕೊಂಕಣಿ ಅಜ್ಜ "ನಮ್ಮ ಹೊಳೆ ಒಣಗಿಸ್ತೀರಾ" ಎಂದಾಗಲೂ ಕನ್ನಡ ಶಾಲೆಯ ಮಕ್ಕಳಾದ ನಾವು ಸುಮ್ಮನೆ ತಲೆ ತಗ್ಗಿಸುತ್ತೇವೆ. ಇಬ್ಬರ ಸಂಕಟವೂ ನಿಜ; ಇಬ್ಬರೂ ನಮ್ಮವರು. ಇಬ್ಬರ ಮುಂದೆಯೂ ಬಿಚ್ಚಿ ತೋರಿಸಬಹುದಾದ ಪುಸ್ತಕವೊಂದು ನಮ್ಮ ಕೈಯಲ್ಲಿರಲಿ. ಅದಕ್ಕೆ ಬೇಕಾದದ್ದು ಒಂದು ಡಬ್ಬಿ, ಒಂದು ಕೋಲು, ನೂರು ಪುಟದ ಒಂದು ನೋಟುಬುಕ್ಕು, ಜೊತೆಗೆ ದಿನವೂ ಐದು ನಿಮಿಷ. ಬರುವ ಜೂನ್ ಒಂದರಂದು ಮೊದಲ ಪುಟದ ಮೊದಲ ಸಾಲನ್ನು ಬರೆಯೋಣ.